ಹುಳುಗಳಿಗೂ ಹಬ್ಬ

ಎಲ್ಲಿಂದ ಶುರು ಮಾಡಲಿ? ಹಬ್ಬದಿಂದಲೋ, ಹುಳುವಿನಿಂದಲೋ? ಎರಡು ಡ್ರಾಫ್ಟ್ ಈಗಾಗಲೇ ಹರಿದು ಹಾಕಿದ್ದೇನೆ. ಒಂದರಲ್ಲಿ ಹುಣಸಮಾರನಹಳ್ಳಿಯ ಸೂರ್ಯೋದಯವಿತ್ತು. ನಾನು ಜನ್ಮದಲ್ಲಿ ಆ ಹೊತ್ತಿಗೆ ಎದ್ದವನಲ್ಲ. ಇನ್ನೊಂದು ಪ್ರಶ್ನೆಯಿಂದ ಶುರುವಾಗುತ್ತಿತ್ತು. ಇದೂ ಹಾಗೇ ಆಯಿತು, ಇರಲಿ.

೧.

ವರ್ಷ ೧೯೭೯, ರಂಜಾನ್ ಹಬ್ಬದ ದಿನ. ಬೈರಮ್ಮನ ಮನೆಯಲ್ಲಿ ರೇಷ್ಮೆಹುಳು ಹಣ್ಣಾಗಿವೆ. ಇಪ್ಪತ್ತೈದು ದಿನ ಸೊಪ್ಪು ಮೇಯ್ದ ಹುಳು ಮೇವು ಬಿಟ್ಟು, ಮೈ ಹಳದಿಯಾಗಿ, ತಲೆ ಎತ್ತಿ ಆಡಿಸತೊಡಗಿದರೆ ಅಂದೇ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಎಂದರೆ ಸುರುಳಿ ಸುತ್ತಿದ ಪಟ್ಟಿಯಿರುವ ಬಿದಿರಿನ ದೊಡ್ಡ ಚಾಪೆ. ಅದರ ಸಂದಿಗಳಲ್ಲಿ ಹುಳು ಗೂಡು ಕಟ್ಟುತ್ತದೆ. ಮನೆಮಂದಿಗೆಲ್ಲ ಅಂದು ಕೂರಲು ಪುರುಸೊತ್ತಿಲ್ಲ. ಮೊಮ್ಮಗಳು ಕೆಂಪಿಗೆ ಆರು ವರ್ಷ. ಅವಳ ಬಾಯಿಗೂ ಪುರುಸೊತ್ತಿಲ್ಲ.

"ಅಜ್ಜೀ, ಉಳ ಯಾಕೆ ತಲೆ ಆಡಿಸ್ತದೆ?"

"ಜಾಗ ಉಡುಕ್ತದೆ."

"ನೂಲು ಅದರೊಟ್ಟೇಲಿ ಇರ್ತದಾ?"

"ಇರ್ತದೆ."

"ನನ್ನೊಟ್ಟೇಲಿ?"

"ನಿನ್ನೊಟ್ಟೇಲಿ ಬರೀ ಮಾತಿರ್ತದೆ. ಆ ಕಡೆ ಓಗು."

(ಈ ಡೈಲಾಗು ಮೂರು ಪುಟ ಇತ್ತು. ನಿಮ್ಮ ಮೇಲಿನ ಕರುಣೆಯಿಂದ ಕತ್ತರಿಸಿದ್ದೇನೆ.)

ಹುಳುವಿನ ಮನೆಗೆ ಘಾಟು ಆಗದು. ಬೀಡಿ, ಊದುಬತ್ತಿ, ಮುಡಿದ ಮಲ್ಲಿಗೆ, ಯಾವುದೂ ಒಳಗೆ ಬರಕೂಡದು. ಬಂದರೆ ಹುಳು ಗೂಡು ಕಟ್ಟದೆ ಉದುರಿಬಿಡುತ್ತದೆ, ಇಡೀ ಬೆಳೆ ಹೋಯಿತು ಎಂದೇ ಬೈರಮ್ಮನ ಭಯ.

೨.

ಹತ್ತು ಗಂಟೆಗೆ ಪಕ್ಕದ ಮನೆಯ ಮಲ್ಕಾ ಶ್ಯಾವಿಗೆ ಪಾಯಸ ತಂದಳು. ಕೆಂಪಿಯ ಓರಗೆಯವಳು. ಹೊಸ ಫ್ರಾಕು, ಕಿವಿಯಲ್ಲಿ ಅತ್ತರಿನ ಹತ್ತಿ. ಹುಳು ನೋಡುವ ಆಸೆಗೆ ಮಲ್ಕಾ ಒಳಗೆ ಓಡಿದಳು, ಕೋಣೆಯೆಲ್ಲ ಘಮ್ಮೆಂದಿತು…

"ನಾನು ಒಳಗೆ ಓಡಿಲ್ಲ," ಎಂದಳು ಮಲ್ಕಾ.

ಓಡಿದರೇನೇ ಕಥೆ ಕಣಮ್ಮ, ಎಂದೆ.

"ನಮ್ ಅಬ್ಬಾ ನೂಲು ಬಿಚ್ಚೋರು. ಅತ್ತರ್ ಹಾಕ್ಕೊಂಡು ಹುಳದ ಮನೆಗೆ ಹೋಗ್ಬಾರ್ದು ಅಂತ ನಂಗೆ ಗೊತ್ತಿಲ್ವಾ? ನಾನು ಹೊಸಿಲಿಂದ ಈಚೆಗೇ ನಿಂತಿದ್ದೆ. ಸರಿಯಾಗಿ ಬರೀರಿ."

ನನಗೆ ನಾಚಿಕೆಯಾಯಿತು. ಅತ್ತರು ಎಂದ ಕೂಡಲೇ ಅವಳನ್ನು ಒಳಗೆ ನುಗ್ಗಿಸಿದ್ದು ನಾನೇ, ಕಥೆ ಸುಲಭವಾಗಲಿ ಅಂತ. ಆ ಸಾಲು ಹೊಡೆದು ಹಾಕಿದ್ದೇನೆ. ನಡೆದದ್ದು ಇಷ್ಟು: ಮಲ್ಕಾಳ ಕಿವಿಯ ಹತ್ತಿಯನ್ನು ಕಿತ್ತುಕೊಂಡು ಒಳಗೆ ಓಡಿದವಳು ಕೆಂಪಿ. ಒಂದು ಚಂದ್ರಿಕೆಯ ಅಂಚಿಗೆಲ್ಲ ಒರೆಸಿದವಳೂ ಅವಳೇ.

ವಾಸನೆ ಹಿಡಿದು ಬೈರಮ್ಮ ಓಡಿ ಬಂದಳು. ಎಲ್ಲರ ಕಣ್ಣೂ (ನನ್ನವೂ ಸೇರಿ) ಹೊಸಿಲಾಚೆಯ ಮಲ್ಕಾಳ ಮೇಲೆ ಹೋದವು. ಅವಳು ಖಾಲಿ ಕಿವಿ ಮುಟ್ಟಿಕೊಂಡು ನಿಂತಿದ್ದಳು. ಕೆಂಪಿ ಮುಂದೆ ಬಂದು ಮುಷ್ಟಿ ಬಿಚ್ಚಿದಳು.

"ನಾನು ಅಜ್ಜಿ. ಉಳಕ್ಕೂ ಅಬ್ಬ ಅಲ್ವಾ ಅಂತ."

ಹೊಡೆಯಲಿಕ್ಕೂ ಬೈರಮ್ಮನಿಗೆ ಪುರುಸೊತ್ತಿರಲಿಲ್ಲ. ಕಿಟಕಿ ಬಾಗಿಲು ತೆಗೆಸಿ, ಚಂದ್ರಿಕೆಗಳನ್ನೆಲ್ಲ ಅಂಗಳದ ಚಪ್ಪರದಡಿ ಗಾಳಿಗೆ ಇಡಿಸಿದಳು.

೩. (ರದ್ದು)

ಸಂಜೆಯ ಹೊತ್ತಿಗೆ ಹುಳುಗಳೆಲ್ಲ ಸತ್ತವು. ಸೀರಿಯಸ್ ಕಥೆಗೆ ಒಂದು ಸಾವಾದರೂ ಬೇಕು ಎಂದು ನನ್ನ ಅಂದಾಜು. ಬೈರಮ್ಮ ಸೊಂಟಕ್ಕೆ ಕೈಕೊಟ್ಟು ನನ್ನತ್ತ ತಿರುಗಿದಳು.

"ಏನಪ್ಪಾ, ಒಂದು ಸಾಲ್ನಾಗೆ ಸಾಯಿಸ್ಬಿಟ್ಟೆ. ದಿನಕ್ಕೆ ಐದು ಸಲ ಸೊಪ್ಪು ಆಕ್ದೋಳು ನಾನು. ನೀನೊಂದು ಎಲೆ ಕಿತ್ತಿದ್ದೀಯಾ?"

ಕಿತ್ತಿಲ್ಲ.

"ಅಂಗಾರೆ ಸುಮ್ಕೆ ಕೂತ್ಕೊಂಡು ನೋಡು."

ಕೂತೆ.

೫.

(ನಾಲ್ಕು ಎಲ್ಲಿ ಎಂದು ಕೇಳಬೇಡಿ. ಅದು ಮಧ್ಯಾಹ್ನ. ಹುಡುಗಿಯರಿಬ್ಬರೂ ಜಗಲಿಯಲ್ಲಿ ಕೂತು ಕಾದರು, ಪಾಯಸ ಯಾರೂ ಮುಟ್ಟಲಿಲ್ಲ.)

ಐದು ಗಂಟೆಗೆ ಮಲ್ಕಾಳ ಅಪ್ಪ ಅತಾವುಲ್ಲಾ ಬಂದರು. ವಿಷಯ ತಿಳಿದು, ಹಬ್ಬದ ಜುಬ್ಬ ತೆಗೆದಿಟ್ಟು, ಅತ್ತರು ಹೋಗುವಂತೆ ಇನ್ನೊಮ್ಮೆ ಸ್ನಾನ ಮಾಡಿ, ಹಳೇ ಬನಿಯನ್ನಿನಲ್ಲೇ ಬಂದಿದ್ದರು. ಚಂದ್ರಿಕೆಯನ್ನು ಬೆಳಕಿಗೆ ಓರೆಮಾಡಿ ಬಹಳ ಹೊತ್ತು ನೋಡಿದರು.

"ಬೈರಮ್ಮನೋರೇ, ಇಲ್ಲಿ ನೋಡಿ. ಎಳೆ ಬಿಟ್ಟಿದೆ."

ಬಿಟ್ಟಿತ್ತು. ಅತ್ತರು ಒರೆಸಿದ ಅಂಚಿನಲ್ಲೂ ಬಿಟ್ಟಿತ್ತು. ಬೈರಮ್ಮ ಬೆಳಗಿನಿಂದ ಮೊದಲ ಸಲ ಕೂತಳು, ಮಲ್ಕಾಳನ್ನು ಪಕ್ಕಕ್ಕೆ ಎಳೆದುಕೊಂಡು ತಣ್ಣಗಾದ ಪಾಯಸ ತಿಂದಳು. ನನಗೂ ಹೋದ ಜೀವ ಬಂದಂತಾಯಿತು. ಇಷ್ಟು ಸಂತೋಷದಿಂದ ನಾನು ಯಾವ ಸೋಲನ್ನೂ ಒಪ್ಪಿಕೊಂಡಿಲ್ಲ.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೆಂಪಿ ಇದ್ದಾಳಲ್ಲ.

"ಮಾವಾ, ಗೂಡಿಂದ ಉಳ ಯಾವಾಗ ಈಚೆಗೆ ಬರ್ತದೆ?"

ಗೂಡನ್ನು ಹುಳುವಿನ ಸಮೇತ ಬೇಯಿಸಿ ನೂಲು ಬಿಚ್ಚುವುದು ಅತಾವುಲ್ಲಾರ ಕಸುಬು. ಅವರು ಬೈರಮ್ಮನ ಮುಖ ನೋಡಿದರು. ಬೈರಮ್ಮ "ಪಾಯಸ ತಿನ್ನು" ಎಂದಳು. ಮಲ್ಕಾಳಿಗೆ ಗೊತ್ತು, ಅವಳು ಫ್ರಾಕಿನ ಗುಂಡಿ ಎಣಿಸಿದಳು. ಕೆಂಪಿ ನನ್ನತ್ತ ತಿರುಗಿದಳು.

"ನೀನಾದ್ರೂ ಏಳು, ಯಾವಾಗ ಬರ್ತದೆ?"

ಮೂರು ಮುಕ್ತಾಯ ಬರೆದೆ. ಒಂದರಲ್ಲಿ ನಿಜ ಹೇಳಿದೆ, ಒಂದರಲ್ಲಿ ಸುಳ್ಳು, ಒಂದರಲ್ಲಿ ಅವಳಿಗೆ ನಿದ್ದೆ ಬರಿಸಿದೆ. ಮೂರನ್ನೂ ಅಳಿಸಿದ್ದೇನೆ. ನಾಳೆಯನ್ನು ನಾನು ಬರೆಯದಿದ್ದರೆ ಇವರಿಗೆ ನಾಳೆ ಆಗುವುದಿಲ್ಲ. ಆದ್ದರಿಂದ ಹುಣಸಮಾರನಹಳ್ಳಿಯಲ್ಲಿ ಇನ್ನೂ ಸಂಜೆ ಐದೂವರೆ, ಹುಳುಗಳು ನೂಲುತ್ತಿವೆ, ಬೈರಮ್ಮ ಕೂತಿದ್ದಾಳೆ, ಯಾರೂ ಸತ್ತಿಲ್ಲ.

ಕೆಂಪಿ ಪಾಯಸದ ಲೋಟ ಹಿಡಿದು ನನ್ನನ್ನೇ ನೋಡುತ್ತಿದ್ದಾಳೆ. ನಾನು ತಲೆ ಎತ್ತದಿದ್ದರೆ ನಿಮ್ಮನ್ನು ಕೇಳುತ್ತಾಳೆ.