ಕೆಂಪು ಸ್ವಿಚ್ಚು

ಗಾರ್ತ್ ಕೀ ತಿರುಗಿಸಿದ. ಒಲೆ, ಹಾಸಿಗೆ ಜೋಡಿಸಿ ಊರೂರು ಸುತ್ತಲು ಮನೆ ಮಾಡಿಕೊಂಡಿದ್ದ ಬಸ್ಸಿನ ಹೊಟ್ಟೆಯೊಳಗೆ ಎಲ್ಲೋ ಟಕ್ ಎಂದು ಒಂದು ಸದ್ದಾಯಿತು, ಅಷ್ಟೇ. ಇನ್ನೊಮ್ಮೆ ತಿರುಗಿಸಿದ. ಈ ಸಲ ಆ ಸದ್ದೂ ಇಲ್ಲ.

"ಬ್ಯಾಟರಿ ಸತ್ತಿದೆ," ಎಂದ.

ಪಕ್ಕದ ಸೀಟಿನಲ್ಲಿ ಚಹಾದ ಫ್ಲಾಸ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೆಂಡತಿ ನೋಲೀನ್ ತಟಕ್ಕನೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಬ್ಯಾಟರಿ ಯಾಕೆ ಸತ್ತಿತು, ಯಾವ ದಿನ ಸತ್ತಿತು, ಯಾರ ಕೈಯಿಂದ ಸತ್ತಿತು ಎಂಬುದೆಲ್ಲ ಆ ಕ್ಷಣದಲ್ಲೇ ಅವಳಿಗೆ ಗೊತ್ತಾಗಿಹೋಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇಲ್ಲಿ ಯಾರೂ ಇನ್ನೂ ಕಳ್ಳ ಅಂದಿರಲಿಲ್ಲ, ಅವಳ ಕೈ ಆಗಲೇ ಹೆಗಲ ಮೇಲಿತ್ತು.

ಗಾರ್ತ್ ಬಗ್ಗಿ ಡ್ರೈವರ್ ಸೀಟಿನ ಕೆಳಗೆ ನೋಡಿದ. ಅಲ್ಲಿ ಒಂದು ದಪ್ಪ ಕೆಂಪು ಸ್ವಿಚ್ಚು. ಉದ್ದಕ್ಕೆ ತಿರುಗಿಸಿದರೆ ಬ್ಯಾಟರಿಗೂ ಬಸ್ಸಿಗೂ ಸಂಬಂಧ, ಅಡ್ಡ ತಿರುಗಿಸಿದರೆ ಸಂಬಂಧ ಬಂದ್. ತಿಂಗಳುಗಟ್ಟಲೆ ಬಸ್ಸನ್ನು ನಿಲ್ಲಿಸಿ ಹೋಗುವವನು ಅದನ್ನು ಅಡ್ಡ ತಿರುಗಿಸಿಯೇ ಇಳಿಯಬೇಕು. ಅದು ಈಗ ಉದ್ದಕ್ಕೆ ನಿಂತಿತ್ತು.

"ನಾನು ಆಫ್ ಮಾಡಿದ್ದೆ," ಎಂದ ಗಾರ್ತ್. ಅವಳ ಕಡೆ ತಿರುಗಿ, "ಮಾಡಿದ್ದೆ ಅಲ್ವಾ?" ಎಂದ.

"ಮಾಡಿರ್ತೀಯ ಬಿಡು."

"ಮಾಡಿದ್ರೆ ಅದು ಹೀಗ್ಯಾಕೆ ನಿಂತಿರತ್ತೆ?"

ನೋಲೀನ್ ಫ್ಲಾಸ್ಕಿನ ಮುಚ್ಚಳವನ್ನು ಬಿಗಿಯಾಗಿಯೇ ಇದ್ದರೂ ಇನ್ನಷ್ಟು ಬಿಗಿ ಮಾಡಿದಳು. ಗಾರ್ತ್ ಅಂಗಿಯ ಜೇಬಿನಿಂದ ಚಿಕ್ಕ ಪುಸ್ತಕ, ಮೋಟು ಪೆನ್ಸಿಲ್ ತೆಗೆದ. ಅವಳಿಗೆ ಆ ಪುಸ್ತಕ ಕಂಡರಾಗುತ್ತಿರಲಿಲ್ಲ. ನಾಲ್ಕು ತಿಂಗಳಿಂದ ತಾನು ಮರೆತದ್ದನ್ನೆಲ್ಲ ಅವನು ಅದರಲ್ಲಿ ಬರೆದಿಡುತ್ತಿದ್ದ. ಕನ್ನಡಕ ಫ್ರಿಜ್ಜಿನೊಳಗೆ ಸಿಕ್ಕಿದ್ದು. ಕಸದ ಡಬ್ಬಿಯನ್ನು ರಸ್ತೆಗೆ ಇಡದೆ ಲಾರಿ ಬಂದು ಹೋದದ್ದು. ಹಳೆಯ ಮನೆಯ ಪಕ್ಕದವರ ನಾಯಿಯ ಹೆಸರು. ಅವನ ಅಣ್ಣ ರಸ್‌ಗೂ ಹೀಗೇ ಶುರುವಾಗಿತ್ತು: ಮೊದಲು ನಲ್ಲಿ, ಆಮೇಲೆ ಒಲೆ, ಆಮೇಲೆ ಮನೆಗೆ ಬರುವ ದಾರಿ. ಈಗ ರಸ್ ವೃದ್ಧಾಶ್ರಮದಲ್ಲಿದ್ದಾನೆ. ಗಾರ್ತ್ ಹೋದರೆ ಹಾಲಿನವನು ಬಂದ ಎಂದುಕೊಂಡು, ಇವತ್ತು ಎರಡು ಬಾಟಲಿ ಸಾಕು ಎನ್ನುತ್ತಾನೆ.

ಮಂಗಳವಾರ ಗಾರ್ತ್ ಡಾಕ್ಟರ ಹತ್ತಿರ ಹೋಗಬೇಕಿತ್ತು. ಎಪ್ಪತ್ತೈದು ತುಂಬಿದವನು ಗಾಡಿ ಓಡಿಸಬೇಕಾದರೆ ವರ್ಷವರ್ಷ ಡಾಕ್ಟರು ಸಹಿ ಹಾಕಬೇಕು. ಸಹಿಯಾದರೆ ಬುಧವಾರ ಇಬ್ಬರೂ ಬಸ್ಸಿನಲ್ಲಿ ಲೈಟ್ನಿಂಗ್ ರಿಡ್ಜ್‌ಗೆ ಹೊರಡುವುದು, ಅಲ್ಲಿಯ ಬಿಸಿನೀರಿನ ಕೊಳದಲ್ಲಿ ಕಾಲು ಬಿಟ್ಟು ಕೂರುವುದು ಎಂದು ಮಾತಾಗಿತ್ತು. ಪುಸ್ತಕವನ್ನು ಡಾಕ್ಟರಿಗೆ ತೋರಿಸುತ್ತೇನೆ ಎಂದು ಅವನು ಹಟ ಹಿಡಿದಿದ್ದ. ನಲವತ್ತು ವರ್ಷ ಡಬ್ಬೊ ಊರಿನ ಸುತ್ತಲಿನ ಮಕ್ಕಳನ್ನು ಸ್ಕೂಲ್ ಬಸ್ಸಿನಲ್ಲಿ ಹೊತ್ತು ತಿರುಗಿದವನು, ಒಂದು ಮಗುವಿನ ಮೊಣಕಾಲೂ ತರಚಿರಲಿಲ್ಲ. ಸುಳ್ಳು ಹೇಳಿ ಸ್ಟೀರಿಂಗ್ ಹಿಡಿಯುವ ಪೈಕಿಯಲ್ಲ.

'ಬಸ್ಸಿನ ಸ್ವಿಚ್ಚು' ಎಂದು ಬರೆದು, ಅದರ ಕೆಳಗೆ ಎರಡು ಗೆರೆ ಎಳೆದ. ಹಿಂದಿನ ಯಾವ ಮರೆವಿಗೂ ಅವನು ಗೆರೆ ಎಳೆದಿರಲಿಲ್ಲ.

ಅಷ್ಟರಲ್ಲಿ ನೆವ್ ಬಂದ. ಈ ಯಾರ್ಡು ಅವನದು. ಊರಾಚೆ ಆರೆಕರೆಗೆ ತಂತಿಬೇಲಿ ಹಾಕಿ, ಮನೆಯಲ್ಲಿ ಜಾಗವಿಲ್ಲದವರ ದೋಣಿ, ಕ್ಯಾರವಾನು, ಬಸ್ಸುಗಳನ್ನು ಕಾಯುತ್ತಾನೆ. ಬಾಯಿ ಜೋರು, ಕೈ ಒಳ್ಳೆಯದು. ಬಾನೆಟ್ ಎತ್ತಿ, ಬ್ಯಾಟರಿಗೆ ಮೀಟರಿನ ಎರಡು ಕಡ್ಡಿ ತಾಗಿಸಿ ನೋಡಿದ.

"ಒಂಬತ್ತು ವೋಲ್ಟು. ಇದರಲ್ಲಿ ಗೋಡೆ ಗಡಿಯಾರಾನೂ ಓಡಲ್ಲ ಮಾರಾಯ."

"ಸ್ವಿಚ್ ಆಫ್ ಮಾಡೋದು ಮರೆತೆ," ಎಂದ ಗಾರ್ತ್.

"ಮರೆತ್ರೂ ಮೇಲೆ ಸೋಲಾರ್ ಹಲಗೆ ಇತ್ತಲ್ಲ, ಅದು ಕಾಪಾಡ್ತಿತ್ತು. ನೀನು ಆಲಿಕಲ್ಲು ಬಿದ್ದೀತು ಅಂತ ಜಾಸ್ತಿ ಬಾಡಿಗೆ ಕೊಟ್ಟು ಸೂರಿನ ಕೆಳಗೆ ನಿಲ್ಲಿಸ್ದೆ. ಬಿಸಿಲಲ್ಲಿ ನಿಂತಿರೋ ಬಡಪಾಯಿ ಗಾಡಿಗಳನ್ನ ನೋಡು, ಒಂದೊಂದೂ ಮದುಮಗನ ಹಾಗಿವೆ. ನಿನ್ನದನ್ನ ಮಾತ್ರ ನೆರಳಲ್ಲಿಟ್ಟು ಸಾಯಿಸಿದ್ದೀಯ."

ಬೇರೆ ದಿನವಾಗಿದ್ದರೆ ಗಾರ್ತ್ ಇದಕ್ಕೆ ಎರಡು ಮಾತು ಸೇರಿಸಿ ವಾಪಸ್ಸು ಕೊಡುತ್ತಿದ್ದ. ಈಗ ಬಸ್ಸಿನ ಮೂತಿಯ ಮೇಲೆ ಕೈಯಿಟ್ಟು ನಿಂತಿದ್ದ.

"ನೆವ್, ಇದನ್ನ ಕೊಂಡ್ಕೊಳ್ಳೋರು ಯಾರಾದ್ರೂ ಗೊತ್ತಿದ್ರೆ ಹೇಳಯ್ಯ."

"ಯಾವುದನ್ನ, ಬ್ಯಾಟರೀನಾ?"

"ಬಸ್ಸನ್ನ."

ನೆವ್ ತಲೆಯೆತ್ತಿ ಗಾರ್ತ್‌ನನ್ನು ನೋಡಿದ, ಆಮೇಲೆ ಬಾಗಿಲಲ್ಲಿ ನಿಂತಿದ್ದ ನೋಲೀನಳನ್ನು ನೋಡಿದ. ಅವನಿಗೆ ಎಲ್ಲ ಗೊತ್ತಿತ್ತು. ಏನೋ ಹೇಳಲು ಬಾಯಿ ತೆರೆದ. ನೋಲೀನ್ ಬೇಡವೆಂದು ಸಣ್ಣಗೆ ತಲೆಯಾಡಿಸಿದಳು.

"ಸ್ಟಾರ್ಟ್ ಮಾಡೋ ಪೆಟ್ಟಿಗೆ ತರ್ತೀನಿ ಇರು," ಎಂದು ನೆವ್ ಶೆಡ್ಡಿನ ಕಡೆ ನಡೆದ.

ಫೆಬ್ರವರಿಯಿಂದ ನಡೆದದ್ದು ಇಷ್ಟು. ಪ್ರತಿ ಗುರುವಾರ ಮಧ್ಯಾಹ್ನ ನೋಲೀನ್ ಚರ್ಚಿನ ಹಾಲ್‌ಗೆ ಕೌದಿ ಹೊಲಿಯಲು ಹೋಗುತ್ತಿದ್ದಳು. ಆ ಹಾಲ್‌ನ ಸೂರು ಸೋರಿ, ಅದಕ್ಕೆ ಬೀಗ ಬಿತ್ತು, ಹೊಲಿಯುವವರು ಚದುರಿದರು. ಅದನ್ನು ಅವಳು ಗಾರ್ತ್‌ಗೆ ಹೇಳಲಿಲ್ಲ. ಹೊಲಿಗೆಯ ಚೀಲ ಹಿಡಿದು, ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಬಸ್ಸಿನ ಇನ್ನೊಂದು ಕೀ ತೆಗೆದುಕೊಂಡು ನೇರ ಇಲ್ಲಿಗೆ ಬಂದಳು. ನಡುವೆ ಬಸ್ಸು ಒಂದೆರಡು ಸಲ ಊರು ಸುತ್ತಿ ಬಂತು, ಜೂನ್‌ನಿಂದ ಇಲ್ಲೇ ನಿಂತಿತು; ಹೋದ ವಾರ ನೆಗಡಿಯಾಗಿ ಮಲಗಿದ್ದು ಬಿಟ್ಟರೆ ಅವಳ ಗುರುವಾರ ಮಾತ್ರ ಒಂದೂ ತಪ್ಪಲಿಲ್ಲ. ಕೆಂಪು ಸ್ವಿಚ್ಚನ್ನು ಉದ್ದ ಮಾಡಿ, ಡ್ರೈವರ್ ಸೀಟಿನ ಪಕ್ಕದ ಹಳೆಯ ರೇಡಿಯೋ ಹಚ್ಚಿ, ಗ್ಯಾಸ್ ಒಲೆಯ ಮೇಲೆ ಚಹಾ ಕಾಯಿಸಿ, ಎರಡು ಗಂಟೆ ಸುಮ್ಮನೆ ಕೂರುವಳು. ಹೊರಡುವಾಗ ರೇಡಿಯೋದ ಮುಳ್ಳು ಗಾರ್ತ್‌ನ ಸ್ಟೇಷನ್ನಿಗೆ, ಸ್ವಿಚ್ಚು ಅಡ್ಡ. ಗಾರ್ತ್ ಒಳ್ಳೆಯವನೇ. ಆದರೆ ರಿಟೈರ್ ಆದ ಮೇಲೆ ಅವನು ಅವಳ ಹಿಂದೆ ಕೋಣೆಯಿಂದ ಕೋಣೆಗೆ ಬರುತ್ತಿದ್ದ. ಒಳ್ಳೆಯವನಾದರೂ ಇಪ್ಪತ್ನಾಲ್ಕು ಗಂಟೆ ಒಳ್ಳೆಯವನಾಗಿದ್ದರೆ ಹೆಂಗಸಿಗೆ ಉಸಿರುಗಟ್ಟುತ್ತದೆ. ಇದನ್ನು ಗಂಡನಿಗೆ ಹೇಳುವುದು ಹೇಗೆ? ನುಂಗಲಾರದ ಬಿಸಿ ತುಪ್ಪವಾಗಿತ್ತು ಆ ಗುರುವಾರ.

ಎರಡು ವಾರದ ಹಿಂದೆ ಹೀಗೇ ಕೂತಿದ್ದಾಗ ಅವನ ಫೋನು ಬಂತು. ಟಿನ್ ಓಪನರ್ ಎಲ್ಲಿದೆ, ಹೊಲಿಗೆ ಇನ್ನೂ ಮುಗಿದಿಲ್ಲವೇ ಎಂದ. ಮೂವತ್ತು ವರ್ಷದಿಂದ ಎರಡನೇ ಡ್ರಾಯರಿನಲ್ಲಿದೆ ಎಂದು ಹೇಳಿ, ಗಾಬರಿಯಲ್ಲಿ ಚೀಲ ಎತ್ತಿಕೊಂಡು ಇಳಿದಳು. ಸ್ವಿಚ್ಚು ತಿರುಗಿಸಿದ ನೆನಪು ಅವಳಿಗಿರಲಿಲ್ಲ. ರೇಡಿಯೋ ಆರಿಸಿದ ನೆನಪೂ ಇರಲಿಲ್ಲ. ಮರೆತವಳು ಅವಳು, ಪುಸ್ತಕದಲ್ಲಿ ಬರೆದುಕೊಂಡವನು ಅವನು.

ಗುಟ್ಟು ಉಳಿದರೆ ಬಸ್ಸು ಹೋಗುತ್ತದೆ. ಬಸ್ಸಿನ ಹಿಂದೆ ಗಾರ್ತ್ ಕೂಡ ಹೋಗುತ್ತಾನೆ, ರಸ್ ಹೋದ ಹಾಗೆ. ಅವನ ಮೆದುಳಿಗೆ ಏನೂ ಆಗದಿದ್ದರೂ ಭಯವೇ ಅವನನ್ನು ಕೂರಿಸಿಬಿಡುತ್ತದೆ. ನೋಲೀನ್ ಮೆಟ್ಟಿಲಿಳಿದು ಅವನ ಪಕ್ಕ ನಿಂತಳು.

"ಗಾರ್ತ್, ಸ್ವಿಚ್ ಆನ್ ಮಾಡಿದ್ದು ನಾನು."

"ಏನು?"

"ನಾನು ಗುರುವಾರ ಹೊಲಿಗೆಗೆ ಹೋಗ್ತಾ ಇಲ್ಲ. ಹಾಲ್ ಮುಚ್ಚಿ ಏಳು ತಿಂಗಳಾಯ್ತು. ಇಲ್ಲಿಗೆ ಬಂದು ಕೂರ್ತೀನಿ. ಹೋದ ಸಲ ಆಫ್ ಮಾಡೋದು ಮರೆತೆ. ನೀನಲ್ಲ, ನಾನು."

ಗಾರ್ತ್ ಅವಳ ಮುಖವನ್ನೇ ನೋಡಿದ. ಆಮೇಲೆ ಅವಳ ಭುಜ ತಟ್ಟಿದ. ಆ ತಟ್ಟುವಿಕೆಯಲ್ಲೇ ಅವಳಿಗೆ ಗೊತ್ತಾಯಿತು, ಅವನು ನಂಬಿಲ್ಲ.

"ನೀನು ದೊಡ್ಡ ಮನಸ್ಸಿನವಳು ಕಣೇ. ಆದ್ರೆ ರಸ್ ಹೆಂಡತೀನೂ ಹೀಗೇ ಮಾಡ್ತಿದ್ಲು. ಒಲೆ ಹಚ್ಚಿಟ್ಟವಳು ನಾನು, ಬಾಗಿಲು ತೆಗೆದಿಟ್ಟವಳು ನಾನು ಅಂತ ಎಲ್ಲ ತನ್ನ ಮೇಲೆ ಹಾಕ್ಕೊಂಡ್ಲು. ಕೊನೆಗೆ ಏನಾಯ್ತು?"

"ಅಯ್ಯೋ, ನಾನು ನಿಜ ಹೇಳ್ತಿದ್ದೀನಿ!"

"ಹೌದೌದು."

"ಒಳಗೆ ಮೂರನೇ ಗೂಡಲ್ಲಿ ನನ್ನ ಶುಂಠಿ ಬಿಸ್ಕತ್ತಿದೆ, ಹೋಗಿ ನೋಡು."

"ಶುಂಠಿ ಬಿಸ್ಕತ್ತು ನೀನು ಒಂಬತ್ತು ವರ್ಷದಿಂದ ಅಲ್ಲೇ ಇಡ್ತೀಯ."

ಜೀವಮಾನದಲ್ಲಿ ಒಂದು ಗುಟ್ಟು ಮಾಡಿ, ಅದನ್ನು ಒಪ್ಪಿಕೊಳ್ಳಲು ಹೋದರೆ ಗಂಡ ನಂಬುತ್ತಿಲ್ಲ. ಅವಳಿಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನೆವ್ ಗಾಲಿ ಗಾಡಿಯಲ್ಲಿ ಪೆಟ್ಟಿಗೆ ತಳ್ಳಿಕೊಂಡು ಬರುವುದು ಕಂಡು ಕೂಗಿದಳು.

"ನೆವ್! ನಾನು ಗುರುವಾರ ಇಲ್ಲಿಗೆ ಬರ್ತೀನೋ ಇಲ್ವೋ, ಇವನಿಗೆ ಹೇಳು."

ನೆವ್ ಇಬ್ಬರನ್ನೂ ಅಳೆದು ನೋಡಿದ. "ನೋಡಮ್ಮ, ನಾನು ಗೇಟ್ ಕಾಯೋನು, ಸಂಸಾರ ಕಾಯೋನಲ್ಲ. ಕೇಳೋದಾದ್ರೆ, ಬರ್ತೀಯ."

"ಅವನಿಗೂ ಹೇಳಿಕೊಟ್ಟಿದ್ದೀಯಲ್ಲ," ಎಂದ ಗಾರ್ತ್ ಮೆಲ್ಲಗೆ. ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನೋಲೀನ್‌ಗೆ ಸಮಾಧಾನವಾಗುತ್ತಿತ್ತು.

ನೆವ್ ಕೆಂಪು ತಂತಿಯನ್ನು ಬ್ಯಾಟರಿಗೆ ಕಚ್ಚಿಸಿದ, ಕಪ್ಪು ತಂತಿಯನ್ನು ಬ್ಯಾಟರಿಯಿಂದ ದೂರ ಎಂಜಿನ್ನಿನ ಬರಿಯ ಕಬ್ಬಿಣಕ್ಕೆ ಕಚ್ಚಿಸಿದ. ಇಷ್ಟು ಬಸವಳಿದ ಬ್ಯಾಟರಿಗೆ ತಕ್ಷಣ ಕೆಲಸ ಹೇಳಬಾರದು, ಐದು ನಿಮಿಷ ಕುಡಿಯಲಿ ಎಂದ. ಮೂವರೂ ಕಾದರು. ತಂತಿಬೇಲಿಯ ಮೇಲೆ ಗಲಾ ಗಿಳಿಗಳು ಕಿತ್ತಾಡುತ್ತಿದ್ದವು. ನೋಲೀನ್ ಮೂರು ಲೋಟಕ್ಕೆ ಚಹಾ ಬಗ್ಗಿಸಿದಳು. ಗಾರ್ತ್ ತನ್ನದನ್ನು ಹಿಡಿದುಕೊಂಡ, ಕುಡಿಯಲಿಲ್ಲ.

"ಈಗ ಹೋಗಿ ತಿರುಗಿಸು," ಎಂದ ನೆವ್.

ಗಾರ್ತ್ ಹತ್ತಿ ಕೂತ. ನೋಲೀನ್ ಬಾಗಿಲಲ್ಲಿ ನಿಂತಳು. ಎಂಜಿನ್ನು ಒಮ್ಮೆ ನರಳಿತು, ಇನ್ನೊಮ್ಮೆ ಕೆಮ್ಮಿತು, ಆಮೇಲೆ ಇಡೀ ಬಸ್ಸು ನಡುಗಿ ಎದ್ದಿತು. ಅದರ ಜೊತೆಗೇ ಬಸ್ಸಿನೊಳಗೆ ಒಬ್ಬ ಹೆಂಗಸು ಹಾಡತೊಡಗಿದಳು.

ಯಾವುದೋ ಭಾಷೆ, ಯಾವುದೋ ಆಪೆರಾ. ಎತ್ತರದ ದನಿ, ಹಿಂದೆ ಹತ್ತಾರು ಪಿಟೀಲು. ಗಾರ್ತ್ ಬೆಚ್ಚಿ ರೇಡಿಯೋ ನೋಡಿದ. ಬಸ್ಸು ಕೊಂಡ ದಿನ ಅದರ ಮುಳ್ಳನ್ನು ಅವನು ಕುದುರೆ ರೇಸಿನ ಸ್ಟೇಷನ್ನಿಗೆ ನಿಲ್ಲಿಸಿದ್ದ; ಒಂಬತ್ತು ವರ್ಷ ಅವನು ಅದನ್ನು ಅಲ್ಲಿಂದ ಕದಲಿಸಿರಲಿಲ್ಲ. ಈಗ ಮುಳ್ಳು ಆ ತುದಿಯಲ್ಲಿತ್ತು. ಈ ಪಾಟಿ ಕಿರುಚುವುದನ್ನು ಗಾರ್ತ್ ತಲೆ ಕೆಟ್ಟರೂ ಹಚ್ಚುವವನಲ್ಲ. ಅದು ನೋಲೀನ್‌ಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಇದು..." ಎಂದ.

"ನಂದು," ಎಂದಳು ನೋಲೀನ್.

ಅವನು ಸ್ಟೀರಿಂಗ್ ಮೇಲೆ ಹಣೆಯಿಟ್ಟ. ಭುಜ ಕುಣಿಯಿತು. ಅಳುತ್ತಿದ್ದಾನೆಂದು ಅವಳು ಹತ್ತಿರ ಹೋದರೆ ನಗುತ್ತಿದ್ದ. ಕಣ್ಣು ಮಾತ್ರ ಒದ್ದೆಯಾಗಿತ್ತು.

"ನಾನಲ್ಲ."

"ನೀನಲ್ಲ ಅಂತ ಆಗಿಂದ ಬಡ್ಕೊಳ್ತಿದ್ದೀನಲ್ಲೋ, ಕತ್ತೆ."

"ನನ್ನಿಂದ ತಪ್ಪಿಸ್ಕೊಳ್ಳೋಕೆ ಇಲ್ಲಿಗೆ ಬರ್ತಿದ್ಯಾ?"

ಈ ಪ್ರಶ್ನೆಗೇ ಅವಳು ಏಳು ತಿಂಗಳು ಹೆದರಿದ್ದು. "ಹೂಂ," ಎಂದಳು. "ವಾರಕ್ಕೆ ಎರಡೇ ಗಂಟೆ. ಆ ಎರಡು ಗಂಟೇಲೂ ಟಿನ್ ಓಪನರ್ ಎಲ್ಲಿ ಅಂತ ನೀನು ಫೋನ್ ಮಾಡಿದೆ. ಅದಕ್ಕೇ ಗಡಿಬಿಡಿಯಲ್ಲಿ ಮರೆತಿದ್ದು."

"ಹಾಗಾದ್ರೆ ತಪ್ಪು ನಂದೇ."

"ಅರ್ಧ."

ಹಾಡುವವಳು ಹಾಡುತ್ತಲೇ ಇದ್ದಳು. ಗಾರ್ತ್ ಪುಸ್ತಕ ತೆಗೆದು, ಎರಡು ಗೆರೆ ಎಳೆದಿದ್ದ ಸಾಲನ್ನು ಹೊಡೆದುಹಾಕಿದ. ಪೆನ್ಸಿಲ್ಲಿನ ಮೊನೆ ಮುರಿಯುವಷ್ಟು ಒತ್ತಿ ಹೊಡೆದ. ಆಮೇಲೆ ಆಸೆಯಿಂದ ಮೇಲಿನ ಸಾಲು ನೋಡಿದ.

"ಕನ್ನಡಕ ಫ್ರಿಜ್ಜಲ್ಲಿಟ್ಟಿದ್ದು?"

"ಅದು ನೀನೇ."

"ಕಸದ ಡಬ್ಬಿ?"

"ಅದೂ ನೀನೇ."

"ಆ ನಾಯಿ ಹೆಸರು?"

ನೋಲೀನ್ ಯೋಚಿಸಿದಳು. ಕಂದು ನಾಯಿ, ಒಂದು ಕಿವಿ ಬಿದ್ದಿತ್ತು. "ನಂಗೂ ನೆನಪಿಲ್ಲ," ಎಂದಳು.

ಅವನು ಅದನ್ನೂ ಹೊಡೆದುಹಾಕಿದ. ಉಳಿದದ್ದನ್ನು ಮಂಗಳವಾರ ಡಾಕ್ಟರಿಗೆ ತೋರಿಸುತ್ತೇನೆ ಎಂದ. ತೋರಿಸು ಎಂದಳು. ಉಳಿದದ್ದು ಈಗ ಒಂದು ಪುಟವೂ ಇರಲಿಲ್ಲ.

"ಮಾತುಕತೆ ಮುಗೀತಾ?" ಎಂದ ನೆವ್ ಹೊರಗಿನಿಂದ. "ಒಂದು ಗಂಟೆ ಎಂಜಿನ್ ಆಫ್ ಮಾಡಬೇಡಿ. ಬಸ್ಸಿಗೆ ಗಿರಾಕಿ ನೋಡ್ಲಾ, ಬ್ಯಾಡ್ವಾ?"

"ಮುಚ್ಚಯ್ಯ ಬಾಯಿ. ನಿನ್ನ ಹತ್ರ ಕಾಗದದ ಟೇಪ್ ಇದ್ರೆ ಒಂದು ತುಂಡು ಕೊಡು."

ನೆವ್ ಟೇಪು ಕೊಟ್ಟು, ತಂತಿ ಬಿಚ್ಚಿ, ಗೇಟು ತೆಗೆಯಲು ಹೋದ. ನೋಲೀನ್ ಲೋಟಗಳನ್ನು ತೊಳೆದು ಗೂಡಿನಲ್ಲಿಟ್ಟು ಮುಂದೆ ಬಂದಾಗ ಗಾರ್ತ್ ಸೀಟಿನ ಪಕ್ಕ ಮಂಡಿಯೂರಿ ಏನನ್ನೋ ಅಂಟಿಸುತ್ತಿದ್ದ. ಅವಳನ್ನು ಕಂಡು ಎದ್ದು, ಕನ್ನಡಿ ಒರೆಸುವ ನೆಪ ಹೇಳಿ ಕೆಳಗಿಳಿದ.

ಅವಳು ಬಗ್ಗಿ ನೋಡಿದಳು. ಕೆಂಪು ಸ್ವಿಚ್ಚಿನ ಪಕ್ಕ, ಸ್ಕೂಲ್ ಬಸ್ಸಿನ ಮಕ್ಕಳ ಹೆಸರು ಬರೆಯುತ್ತಿದ್ದ ಅದೇ ದುಂಡು ಅಕ್ಷರದಲ್ಲಿ ಬರೆದಿತ್ತು:

'ನೋಲೀನ್, ಉದ್ದ ಅಂದ್ರೆ ಆನ್. ಅಡ್ಡ ಅಂದ್ರೆ ಆಫ್. ಗುರುವಾರ ನಾನು ಫೋನ್ ಮಾಡಲ್ಲ.'

ಟೇಪಿನ ಒಂದು ತುದಿ ಸರಿಯಾಗಿ ಅಂಟಿರಲಿಲ್ಲ. ಅವಳು ಅದನ್ನು ಹೆಬ್ಬೆರಳಿನಿಂದ ಒತ್ತಿ, ಸ್ವಲ್ಪ ಹೊತ್ತು ಹಾಗೇ ಹಿಡಿದಳು.