ಅಕ್ಕನ ಪಾದಕ್ಕೊಂದು ಫಾರಂ

ಬಡವರ ಕಾಯಿಲೆಗಳ ಬಗ್ಗೆ ಮೊದಲು ಯಾವ ಸಂಶೋಧನೆ ಮಾಡಬೇಕೆಂದು ತೀರ್ಮಾನಿಸಲು ತಜ್ಞರು ಸೇರಿದ್ದ ಸಭೆ ಅದು. ನೆಲ ಹೇಗೆ ಫಳಫಳ ಹೊಳೆಯುತ್ತಿತ್ತೆಂದರೆ ನರ್ಸಮ್ಮ ಕಾಲಿಡಲು ಹಿಂಜರಿದಳು. ಹದಿನಾಲ್ಕು ವರ್ಷದಿಂದ ಆನೆಕಾಲು ರೋಗಿಗಳ ಕಾಲು ತೊಳೆದು, ಒರೆಸಿ, ಮುಲಾಮು ಹಚ್ಚಿದವಳು. ‘ಜನರ ದನಿ’ ಎಂದು ಬರೆದ ಬಿಲ್ಲೆಯನ್ನು ಅವಳ ಕೊರಳಿಗೆ ತೂಗುಹಾಕಿ ಕೊನೆಯ ಸಾಲಿನಲ್ಲಿ ಕೂರಿಸಿದರು. ದನಿಯುಂಟು, ಮತವಿಲ್ಲ.

ಮತವೆಂದರೆ ಕೆಂಪು ಚುಕ್ಕಿಯ ಸ್ಟಿಕರ್. ಗೋಡೆಯ ಪಟ್ಟಿಯಲ್ಲಿ ತಮಗೆ ಹಿಡಿಸಿದ ಪ್ರಶ್ನೆಯ ಮುಂದೆ ಅಂಟಿಸಬೇಕು. ಓದಿ ಓದಿ ತಲೆ ನರೆತವರೆಲ್ಲ ಐದೈದು ಚುಕ್ಕಿ ಹಿಡಿದು ಗೋಡೆಗೆ ಮುಗಿಬಿದ್ದರು. ಸೊಳ್ಳೆಯ ವಂಶವಾಹಿಗೆ ಹನ್ನೊಂದು ಚುಕ್ಕಿ. ಕೊಳಚೆ ಗುಂಡಿಗಳನ್ನು ಉಪಗ್ರಹದಿಂದ ಹುಡುಕುವುದಕ್ಕೆ ಒಂಬತ್ತು. ಅಂಥದೊಂದು ಗುಂಡಿ ಅವರು ಬಂದ ದಾರಿಯಲ್ಲೇ ಇತ್ತು. ಕಾರಿನ ಗಾಜು ಏರಿಸಿಕೊಂಡು ದಾಟಿ ಬಂದಿದ್ದರು.

ನರ್ಸಮ್ಮನದು ಒಂದೇ ಪ್ರಶ್ನೆ. ಅವಳ ಸ್ವಂತ ಅಕ್ಕನ ಬಲಗಾಲೂ ಊದಿಕೊಂಡಿತ್ತು, ಯಾವ ಚಪ್ಪಲಿಯೂ ಹಿಡಿಸದು. ಬರಿಗಾಲಲ್ಲಿ ಲಾಂಡ್ರಿ ಕೆಲಸಕ್ಕೆ ನಡೆದರೆ ಬೆರಳ ಸಂದಿಯಲ್ಲಿ ಗಾಯ, ಗಾಯವಾದರೆ ಚಳಿಜ್ವರ. ಇನ್ನೊಮ್ಮೆ ಹಾಸಿಗೆ ಹಿಡಿದರೆ ಇಸ್ತ್ರಿಪೆಟ್ಟಿಗೆ ಬೇರೆಯವರ ಕೈಗೆ ಎಂದು ಯಜಮಾನ ಮುಖಕ್ಕೆ ಹೊಡೆದಂತೆ ಹೇಳಿದ್ದ. ಬೀದಿಯ ಚಪ್ಪಲಿಯವನು ಅಗಲವಾಗಿ ಒಂದು ಜೊತೆ ಹೊಲಿದೂ ಕೊಟ್ಟಿದ್ದ. ವಾರದೊಳಗೆ ಉಜ್ಜಿ ಉಜ್ಜಿ ಹೊಸ ಗಾಯವೆದ್ದಿತು.

“ಊದಿದ ಕಾಲನ್ನ ಉಜ್ಜದೆ ಇರೋ ಚಪ್ಪಲಿ ಹೇಗಿರಬೇಕು ಸಾರ್? ಅದೊಂದನ್ನ ಕಂಡುಹಿಡಿದು ಕೊಡಿ,” ಎಂದಳು.

“ಅದ್ಭುತ!” ಎಂದು ಸಭೆ ನಡೆಸುತ್ತಿದ್ದ ಪ್ರೊಫೆಸರು ಅದನ್ನು ತಮ್ಮ ಭಾಷೆಗೆ ತಿರುಗಿಸಿ ಗೋಡೆಗೇರಿಸಿದರು: ‘ಪಾದರಕ್ಷಾ ಧಾರಣೆಯ ಕುರಿತು ರೋಗಿಗಳ ಮನೋಧರ್ಮದ ಬಹುಆಯಾಮಿ ಅಧ್ಯಯನ.’ ಉಳಿದಿದ್ದ ಚುಕ್ಕಿಗಳಲ್ಲಿ ಹದಿನೇಳು ಅದಕ್ಕೇ! ಮೊದಲ ಸ್ಥಾನ! ನರ್ಸಮ್ಮನಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಪಾದರಕ್ಷೆ ಎನ್ನುವುದೊಂದು ಕಂಡಿತಲ್ಲ. ಪೆದ್ದಿ, ಎಲ್ಲರ ಜೊತೆ ಅವಳೂ ಚಪ್ಪಾಳೆ ತಟ್ಟಿದಳು. ಮನೆಗೆ ಬಂದು, “ನಿನ್ನ ಕಾಲು ಗೆದ್ದಿತು ಕಣಕ್ಕಾ,” ಎಂದಳು.

ಗೆದ್ದ ಕಾಲು ಏಳು ತಿಂಗಳು ಬರಿಗಾಲಾಗಿಯೇ ಕಾದಿತು. ಅಷ್ಟರಲ್ಲಿ ಮತ್ತೆ ಜ್ವರ ಬಂತು, ಲಾಂಡ್ರಿಯ ಕೆಲಸ ಹೋಯಿತು. ಆಮೇಲೆ ಒಂದು ಬೆಳಿಗ್ಗೆ ಪ್ರೊಫೆಸರೇ ಮನೆಗೆ ದಯಮಾಡಿಸಿದರು, ಮೊದಲ ಫಾರಂ ತಮ್ಮ ಕೈಯಾರೆ ತುಂಬಲು.

“ಚಪ್ಪಲಿ ಯಾಕಮ್ಮ ಹಾಕಲ್ಲ? ನಾಚಿಕೆನಾ, ಮರೆವಾ, ತಿಳುವಳಿಕೆ ಇಲ್ವಾ, ಇತರೆನಾ?”

“ಕಾಲಿಗೆ ಹಿಡಿಸೋ ಚಪ್ಪಲಿ ಇಲ್ಲ ಸಾರ್,” ಎಂದಳು ಅಕ್ಕ.

“ಹಾಗಂತ ಇದರಲ್ಲಿ ಇಲ್ಲ. ಇತರೆ ಅಂತ ಹಾಕ್ಕೋತೀನಿ.”

ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಫಾರಂ ಕಿತ್ತುಕೊಂಡು ಮಗುಚಿ ನೆಲದ ಮೇಲಿಟ್ಟಳು. “ಅಕ್ಕಾ, ಇದರ ಮೇಲೆ ಕಾಲಿಡು.” ಪ್ರೊಫೆಸರ ಪೆನ್ನನ್ನೇ ಕಸಿದು ಪಾದದ ಸುತ್ತ ಗೆರೆ ಎಳೆಯತೊಡಗಿದಳು. ಹಿಮ್ಮಡಿ ಮೂಡಿತು. ಪಕ್ಕದ ಊತದ ಹತ್ತಿರ ಕಾಗದ ಮುಗಿದು ಪೆನ್ನು ನೆಲದ ಮೇಲೆ ಓಡಿತು. ಐದು ಬೆರಳೂ ಸಿಮೆಂಟಿನ ಮೇಲೇ ಮೂಡಿದವು.

“ನೋಡಿ ಸಾರ್, ನಿಮ್ಮ ಇತರೆ.”

ಪ್ರೊಫೆಸರು ತಮ್ಮ ಬೂಟುಗಾಲನ್ನು ಹಿಂದಕ್ಕೆಳೆದುಕೊಂಡರು.

“ಫಾರಂ ಹಾಳು ಮಾಡಿದ್ರಲ್ಲಮ್ಮ,” ಎಂದು ಚೀಲದಿಂದ ಇನ್ನೊಂದನ್ನು ತೆಗೆದರು.