ಕಾಲು ಸುತ್ತಿನ ಅಂತರ

ಸುಮಿಂತ್ರಾ ಬಟ್ಟೆ ಹಿಂಡಿ ಹಗ್ಗಕ್ಕೆ ಹಾಕುತ್ತಿದ್ದಾಗ ಕಬ್ಬಿನ ರೈಲಿನ ಹಳಿ ದಾಟಿಕೊಂಡು ವಿಲಿಕೇಸ ಬಂದ. ಸಕ್ಕರೆ ಮಿಲ್ಲಿನ ಎಂಜಿನ್ ಶೆಡ್ಡಿನವನು.

"ಅಕ್ಕಾ, ಬಿಸುನ್‌ದೇವ್ ಅವರ ದೇಹ ಆಸ್ಪತ್ರೆಯಿಂದ ತಂದ್ವಿ. ಮಧ್ಯಾಹ್ನ ಎತ್ತೋದು. ಬೆಂಕಿ ಕೊಡೋರು ಯಾರೂ ಇಲ್ಲ. ನಿಮ್ಮಪ್ಪನ್ನ ಕೇಳಿ ನೋಡಕ್ಕಾ."

ಜಗುಲಿಯಲ್ಲಿ ಚಹಾ ಕುಡಿಯುತ್ತಿದ್ದ ಅಪ್ಪ ಜಗದೇವ್ ತಲೆ ಎತ್ತಲಿಲ್ಲ.

"ಅಪ್ಪಾ, ನಿನ್ನ ಒಡಹುಟ್ಟಿದ ಅಣ್ಣ ಅಲ್ವಾ?" ಒಳಗಿದ್ದ ತನ್ನ ಪುಟ್ಟ ಮಗಳಿಗೆ ಕೇಳಿಸೀತೆಂದು ಸುಮಿಂತ್ರಾ ಪಿಸುಗುಟ್ಟಿದಳು.

"ಚಹಾಕ್ಕೆ ಸಕ್ಕರೆ ಸಾಲ್ದು."

"ಮಿಲ್ಲಲ್ಲಿ ಮೂವತ್ತು ವರ್ಷ ದುಡಿದೋರಿಗೂ ಸಾಲ್ದಾ!" ಎಂದು ವಿಲಿಕೇಸ ಹೊರಟುಹೋದ.

*

ಕಬ್ಬಿನ ರೈಲಿನ ಪುಟ್ಟ ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್ ದಾಟಿ ಹಿಂದಿನ ಗಾಲಿಗಳನ್ನಷ್ಟೇ ಮುಟ್ಟುತ್ತಿತ್ತು. ಅಲ್ಲಿಂದ ಮುಂದಿನ ಗಾಲಿಗಳಿಗೆ ಅದನ್ನು ಒಯ್ಯುತ್ತಿದ್ದವು ಎರಡು ಪಕ್ಕದ ಉಕ್ಕಿನ ರಾಡುಗಳು. ಎರಡರ ನಡುವೆ ಗಾಲಿಯ ಕಾಲು ಸುತ್ತಿನಷ್ಟು ಅಂತರವಿರಬೇಕು. ಒಂದು ಬಲಗುಂದುವ ಜಾಗದಲ್ಲಿ ಇನ್ನೊಂದು ತಳ್ಳಬೇಕು. ಅಣ್ಣತಮ್ಮ ಇಬ್ಬರೂ ಶೆಡ್ಡಿನಲ್ಲಿ ದುಡಿಯುತ್ತಿದ್ದಾಗ, ಗಾಲಿ ಬದಲಿಸಿದ ದಿನ ಎಡಗಡೆ ಬಿಸುನ್‌ದೇವ್ ಜೋಡಿಸಿದ, ಬಲಗಡೆ ಜಗದೇವ್. ಮರುದಿನ ಎಂಜಿನ್ ಒಂದು ಗಜ ದೂರ ಹೋಗಿ ಗಕ್ಕನೆ ನಿಂತಿತು. ಅಂತರ ತಪ್ಪಿ ರಾಡು ಬಾಗಿತ್ತು.

"ನಿನ್ನ ಕಡೆದೇ ತಪ್ಪು."

"ನಿಂದು."

ಇಪ್ಪತ್ತೆರಡು ವರ್ಷಗಳ ಹಿಂದಿನ ಆ ಮಾತೇ ಕೊನೆಯದು.

ಮದುವೆಯಾಗದ ಬಿಸುನ್‌ದೇವ್ ಸಂಜೆ ಹೊತ್ತು ಹಳಿಯಾಚೆಯ ತನ್ನ ಮೆಟ್ಟಿಲಲ್ಲಿ ಕೂತಿರುತ್ತಿದ್ದ. ಸುಮಿಂತ್ರಾಳ ಮಗಳು ಅಶ್ನಿತಾಳಿಗೆ ಮಣ್ಣಲ್ಲಿ ಗಾಲಿ, ರಾಡು ಬರೆದು ತೋರಿಸುತ್ತಿದ್ದ. "ನಮ್ಮನೆಗೆ ಬನ್ನಿ" ಎಂದು ಅವಳು ಕರೆದರೆ, "ಬೇಡ ಮಗಾ, ನಿಮ್ಮ ನಾನಾ ಚಹಾ ಕುಡಿಯೋ ಹೊತ್ತು" ಎಂದು ಅವಳ ಅಜ್ಜನ ನೆಪ ಹೇಳುತ್ತಿದ್ದ. ಅವನ ಬಗ್ಗೆ ಕೇಳಲು ಹುಡುಗಿ ಬಾಯಿ ತೆರೆದಾಗಲೆಲ್ಲ ಮನೆಯಲ್ಲಿ ಮಾತು ಬೇರೆ ಕಡೆ ಹೊರಳುತ್ತಿತ್ತು.

*

ಮಧ್ಯಾಹ್ನ ಸುಮಿಂತ್ರಾ ಮಗಳ ಕೈ ಹಿಡಿದು ಹಳಿ ದಾಟಿ ಬಿಸುನ್‌ದೇವ್ ಮನೆಗೆ ಬಂದಳು. ಶೆಡ್ಡಿನವರು ಯಂಗೋನ ಎಂಬ ಬೇರಿನ ಪಾನೀಯದ ಬೋಗುಣಿ ಸುತ್ತ ಚಾಪೆಯಲ್ಲಿ ಕೂತಿದ್ದರು.

"ಈ ಮನೆಗೆ ಇಷ್ಟು ಜನ ಒಟ್ಟಿಗೆ ಬಂದಿದ್ದು ಇದೇ ಮೊದಲು. ಬಿಸುನ್‌ದೇವ್ ಎದ್ದು ಕೂತ್ರೆ ಗಾಬರಿಯಾಗ್ತಾರೆ" ಎಂದ ಮುದುಕ ಡ್ರೈವರ್. ಒಬ್ಬಿಬ್ಬರು ನಕ್ಕರು.

ಒಳಗೆ ಒಂದೇ ತಟ್ಟೆ, ಒಂದೇ ಲೋಟ, ತೆರೆಯದ ಮೀನಿನ ಡಬ್ಬಿ. ಸುಮಿಂತ್ರಾ ಲೋಟವನ್ನು ತೊಳೆದಿಟ್ಟಳು. ಅದು ತೊಳೆದೇ ಇತ್ತು.

ಲಬಾಸ ಪೇಟೆಯಿಂದ ಬಂದ ಪಂಡಿತರು ಕೇಳಿದರು: "ಸ್ವಂತದವರು ಯಾರಿದ್ದೀರಿ? ಮುಂದೆ ಬನ್ನಿ."

ಯಾರೂ ಮಿಸುಕಲಿಲ್ಲ. ಸುಮಿಂತ್ರಾ ಹಳಿಯ ಕಡೆ ತಿರುಗಿದಳು. ಆ ಉತ್ತರ ಅಪ್ಪನೇ ಕೊಡಬೇಕಿತ್ತು.

ಹಳಿಯಾಚೆ, ತಮ್ಮ ಮನೆಯ ಕಡೆ, ಜಗದೇವ್ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬರಿಗಾಲಲ್ಲಿ ನಿಂತಿದ್ದ. ದಾಟುವ ಮುಂಚೆ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಮತ್ತೆ ಎಡಕ್ಕೆ. ಭಾನುವಾರ, ಮಿಲ್ಲು ಮುಚ್ಚಿತ್ತು, ರೈಲೇ ಇರಲಿಲ್ಲ.

ಅಶ್ನಿತಾ ಅಮ್ಮನ ಕೈ ಬಿಡಿಸಿಕೊಂಡು ಹಳಿಯ ಅಂಚಿಗೆ ಓಡಿದಳು. ದೇಹದ ಕಡೆ ಕೈ ತೋರಿಸಿ, ಎಲ್ಲರಿಗೂ ಕೇಳುವಂತೆ ಕೂಗಿದಳು:

"ನಾನಾ, ಇವರು ನಮಗೇನಾಗ್ಬೇಕು?"